ಸಂಬಳ ಏರಿದ್ದು ಯಾವ ಗಂಟಿನಿಂದ?

ಬೆಂಗಳೂರಿನ ಅಂಚಿನ ಬಾಗಲೂರಿನ ಸರ್ಕಾರಿ ಶಾಲೆಯ ಮೇಷ್ಟರಿಗೂ ಪೊಲೀಸ್ ಠಾಣೆಯ ಕಾನ್‌ಸ್ಟೆಬಲ್‌ಗೂ ರಾಜ್ಯದ ಏಳನೇ ವೇತನ ಆಯೋಗದ ಸಂಬಳ ಜಾರಿಗೆ ಬಂದದ್ದು 2024ರ ಆಗಸ್ಟ್ 1ರಿಂದ. ಇಂಥ ಏರಿಕೆ ಬಂದಾಗಲೆಲ್ಲ ಕೇಳಿಬರುವ ಮಾತೊಂದಿದೆ: ಬರಕ್ಕೋ ನೆರೆಗೋ ಎಂದು ತೆಗೆದಿಟ್ಟ ಆಪತ್ಕಾಲದ ಗಂಟನ್ನೇ ಬಿಚ್ಚಿ ಸರ್ಕಾರ ನೌಕರರಿಗೆ ಹಂಚಿದೆ, ನಾಳೆ ಆಪತ್ತು ಬಂದರೆ ಗತಿಯೇನು? ಕಳವಳ ಸುಳ್ಳಲ್ಲ, ಲೆಕ್ಕ ಮಾತ್ರ ತಪ್ಪು.

ಆ ಗಂಟಿನ ಸರ್ಕಾರಿ ಹೆಸರು ಸಾದಿಲ್ವಾರು ನಿಧಿ. ಸಂವಿಧಾನದ 267ನೇ ವಿಧಿಯಡಿ ಇರುವ ಈ ನಿಧಿಯ ಮೊತ್ತ ಕರ್ನಾಟಕದಲ್ಲಿ 80 ಕೋಟಿ ರೂಪಾಯಿ ಇತ್ತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅದನ್ನು 500 ಕೋಟಿಗೆ ಏರಿಸಿದರು. ಆ ದೊಡ್ಡ ಮೊತ್ತವನ್ನೇ ಹಿಡಿಯೋಣ. ವೇತನ ಪರಿಷ್ಕರಣೆಯ ಹೆಚ್ಚುವರಿ ಹೊರೆ ವರ್ಷಕ್ಕೆ 20,208 ಕೋಟಿ ಎಂದು ಸರ್ಕಾರವೇ ಅಂದಾಜಿಸಿದೆ, ಅಂದರೆ ದಿನಕ್ಕೆ ಸುಮಾರು 55 ಕೋಟಿ. ನಿಧಿಯನ್ನು ಪೂರ್ತಿ ಬರಿದು ಮಾಡಿದರೂ ಏರಿದ ಸಂಬಳಕ್ಕೆ ಒಂಬತ್ತು ದಿನ ಸಾಲುತ್ತದೆ, ಹತ್ತನೇ ದಿನಕ್ಕೆ ಇಲ್ಲ.

ಗಾತ್ರ ಒತ್ತಟ್ಟಿಗಿರಲಿ, ನಿಯಮವೂ ಅದಕ್ಕೆ ಒಪ್ಪುವುದಿಲ್ಲ. ಈ ನಿಧಿ ಇರುವುದು ಮೊದಲೇ ಊಹಿಸಲಾಗದ, ಶಾಸನಸಭೆ ಸೇರುವವರೆಗೆ ಕಾಯಲಾಗದ ಖರ್ಚಿಗೆ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಈ ವೇತನ ಆಯೋಗ ರಚನೆಯಾದದ್ದು 2022ರ ನವೆಂಬರ್‌ನಲ್ಲಿ. 2023ರ ಮಾರ್ಚ್ 1ರಂದು ನೌಕರರು ಮುಷ್ಕರ ಹೂಡಿ ಶೇ 17ರ ಮಧ್ಯಂತರ ಪರಿಹಾರ ಪಡೆದರು, ಮೂಲ ವೇತನಕ್ಕೆ ಸೇರಿಸುವ ಶೇ 27.5ರ ಫಿಟ್‌ಮೆಂಟ್ ಶಿಫಾರಸು ಮಾಡಿದ ವರದಿ 2024ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಸೇರಿತು. ಹೀಗೆ ತಮಟೆ ಬಾರಿಸಿಕೊಂಡೇ ಬಂದ ಖರ್ಚನ್ನು ಆಕಸ್ಮಿಕ ಎನ್ನುವುದು ಹೇಗೆ? ಖಜಾನೆಗೆ ಹೋಗುವ ಸಂಬಳದ ಬಿಲ್ಲು ನೋಡಿದರೂ ಸಾಕು. ಮೇಷ್ಟರ ಸಂಬಳ ಬೀಳುವುದು 2202 ಎಂಬ ಲೆಕ್ಕ ಶೀರ್ಷಿಕೆಗೆ, ಕಾನ್‌ಸ್ಟೆಬಲ್‌ನದು 2055ಕ್ಕೆ, ಆರೋಗ್ಯ ಕೇಂದ್ರದ ನರ್ಸ್‌ದು 2210ಕ್ಕೆ. ಇವೆಲ್ಲ ಸಂಚಿತ ನಿಧಿಯ, ಎಂದರೆ ಸರ್ಕಾರದ ತೆರಿಗೆ, ಸಾಲದ ಹಣ ಸೇರುವ ಮುಖ್ಯ ಖಜಾನೆಯ, ಶಾಸನಸಭೆ ಒಪ್ಪಿಗೆ ಕೊಟ್ಟ ಬಾಬತ್ತುಗಳು. ಸಾದಿಲ್ವಾರು ನಿಧಿಯ ಸಂಖ್ಯೆ 8000, ಬೇರೆಯದೇ ಪುಟ.

ಬಜೆಟ್‌ನಲ್ಲಿ ಇಲ್ಲದ ಹಣವನ್ನು ಮೊದಲು ನಿಧಿಯಿಂದ ತೆಗೆದು ಆಮೇಲೆ ತುಂಬಿರಬಾರದೇಕೆ ಎಂದು ಕೇಳಬಹುದು. ನಿಧಿಯಿಂದ ತೆಗೆಯುವುದು ಮುಂಗಡ ಮಾತ್ರ. ಪೂರಕ ಅಂದಾಜಿಗೆ ಶಾಸನಸಭೆಯ ಒಪ್ಪಿಗೆ ಪಡೆದು ಅದನ್ನು ಸಂಚಿತ ನಿಧಿಯಿಂದಲೇ ಹಿಂತುಂಬಬೇಕು. ಹಾಗಾಗಿ ದಾರಿ ಯಾವುದಾದರೂ ಕೊನೆಗೆ ಹಣ ಕೊಡುವುದು ಸಂಚಿತ ನಿಧಿಯೇ. ಇನ್ನು 2023ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ವೇತನ ಪರಿಷ್ಕರಣೆಗೆ 6,000 ಕೋಟಿ ಮೀಸಲಿಟ್ಟಿರುವುದಾಗಿ ಹೇಳಿದ್ದರಲ್ಲ? ಗೊಂದಲಕ್ಕೆ ಬಹುಶಃ ಈ ‘ಮೀಸಲು’ ಸಹ ಕಾರಣ. ಅದು ಬಜೆಟ್‌ನೊಳಗಿನ ಅವಕಾಶ, ಆಪತ್ತಿನ ಹಣವಲ್ಲ. ಬರ ಪರಿಹಾರಕ್ಕೂ ಸಾದಿಲ್ವಾರು ನಿಧಿ ಮುಖ್ಯ ಮೂಲವಲ್ಲ. ರಾಜ್ಯ ವಿಪತ್ತು ಪರಿಹಾರ ನಿಧಿ ಪ್ರತ್ಯೇಕವಾಗಿದೆ, ಅದರಲ್ಲಿ ಶೇ 75 ಕೇಂದ್ರದ ಪಾಲು. 2023ರ ಬರಕ್ಕೆ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಕೇಂದ್ರದಿಂದ ಬಂದ ಸುಮಾರು 3,454 ಕೋಟಿಯೇ ಸಾದಿಲ್ವಾರು ನಿಧಿಯ ಏಳು ಪಟ್ಟಿಗೆ ಹತ್ತಿರ.

ಹಾಗಾದರೆ ಏರಿಕೆಯಿಂದ ಯಾರಿಗೂ ಹೊರೆಯಿಲ್ಲವೇ? ಇದೆ, ಅದೂ ಪ್ರತಿ ವರ್ಷ. ವಿತ್ತೀಯ ಕೊರತೆಗೆ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಇರುವುದರಿಂದ ಮನಬಂದಂತೆ ಸಾಲ ಎತ್ತುವಂತಿಲ್ಲ. ಸಂಬಳ, ಪಿಂಚಣಿ, ಬಡ್ಡಿಯನ್ನು ಕಡಿತ ಮಾಡಲೂ ಆಗದು. ತೆರಿಗೆ ಹೆಚ್ಚು ಬಾರದಿದ್ದರೆ ಕತ್ತರಿ ಬೀಳುವುದು ರಸ್ತೆ, ಶಾಲೆ ಕೊಠಡಿ, ನೀರಿನ ಕಾಮಗಾರಿಗೆ. ಬಾಗಲೂರಿನಂತೆ ಲೇಔಟು ಮೊದಲು ಬಂದು ಚರಂಡಿ ಆಮೇಲೆ ಬರುವ ಕಡೆ ಇದು ಸಣ್ಣ ಮಾತಲ್ಲ. ಸಂಬಳ ಏರಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಬೇಕಿತ್ತು ಎಂಬ ವಾದಕ್ಕೆ ಬಲವಿದೆ. ಆದರೆ ಗಂಟು ಬಿಚ್ಚಿದರು ಎಂದು ಗೊಣಗುತ್ತ ಕೂತರೆ, ಅಧಿವೇಶನದ ಗದ್ದಲದಲ್ಲಿ ಚರ್ಚೆಯಿಲ್ಲದೆ ಪಾಸಾಗುವ ಪೂರಕ ಅಂದಾಜುಗಳಲ್ಲಿ ಯಾವ ಇಲಾಖೆಗೆ ಎಷ್ಟು ಸೇರಿತು, ವರ್ಷದ ಕೊನೆಯ ಪರಿಷ್ಕೃತ ಅಂದಾಜಿನಲ್ಲಿ ಯಾವ ಕಾಮಗಾರಿಗೆ ಎಷ್ಟು ಕಡಿತವಾಯಿತು ಎಂದು ನಮ್ಮ ಶಾಸಕರನ್ನು ಯಾರೂ ಕೇಳುವುದಿಲ್ಲ.