ಬೆಕ್ಕನ್ನು ಅಂಜಿಸದೆ ಪಶು ಆಸ್ಪತ್ರೆಗೆ ಒಯ್ಯುವ ಕ್ರಮ

ಜೋಳ, ಗೋವಿನಜೋಳ, ಶೇಂಗಾ, ಕಡಲೆ ಬೆಳೆಯುವ ರೈತರ ಮನೆಯಲ್ಲಿ ಕಾಳಿನ ಚೀಲಗಳನ್ನು ಇಲಿಗಳಿಂದ ಕಾಯಲು ಬೆಕ್ಕು ಬೇಕು. ಎತ್ತು, ಎಮ್ಮೆಗಳಿಗೆ ತಪ್ಪದೆ ಲಸಿಕೆ ಹಾಕಿಸುವ ನಾವು ಬೆಕ್ಕನ್ನು ಮರೆಯುತ್ತೇವೆ. ಹುಚ್ಚುನಾಯಿ ಕಡಿದರೆ ಬೆಕ್ಕಿಗೂ ರೇಬೀಸ್ ಬರುತ್ತದೆ. ಆ ಬೆಕ್ಕು ಕಚ್ಚಿದರೆ ಮನೆಯವರಿಗೂ ತಗಲುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಉಳಿಯುವುದು ತೀರ ಅಪರೂಪ. ಆದ್ದರಿಂದ ಮೂರು ತಿಂಗಳು ತುಂಬಿದ ಬೆಕ್ಕಿಗೆ ಲಸಿಕೆ ಹಾಕಿಸಿ, ವೈದ್ಯರು ತಿಳಿಸಿದ ಅವಧಿಗೆ ಪುನಃ ಹಾಕಿಸಬೇಕು.

ತೊಡಕು ಬರುವುದು ಸಾಗಿಸುವಾಗ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಮೋಟಾರ್ ಸೈಕಲ್ಲಿನಲ್ಲಿ ಒಯ್ಯುವುದು ಸರಿಯಲ್ಲ. ಕುಳಗೇರಿ ಕ್ರಾಸಿನಂಥ ಕಡೆ ಹುಬ್ಬಳ್ಳಿ-ವಿಜಯಪುರ ರಸ್ತೆಯ ಲಾರಿ, ಬಸ್ಸುಗಳ ಹಾರ್ನಿಗೆ ಬೆದರಿದ ಬೆಕ್ಕು ಚೀಲ ಹರಿದು ರಸ್ತೆಗೆ ಹಾರಬಹುದು, ಹಿಡಿದವರನ್ನು ಪರಚಬಹುದು. ಬೇಸಿಗೆಯಲ್ಲಿ ಚೀಲದೊಳಗೆ ಉಸಿರುಗಟ್ಟಿ ಸಾಯಲೂಬಹುದು.

ಅಂಜಿಕೆಗೆ ಕಾರಣವೇನು?

ಬೆಕ್ಕು ತನ್ನ ಜಾಗವನ್ನು ವಾಸನೆಯಿಂದ ಗುರುತಿಸುತ್ತದೆ. ಕಂಬ, ಬಾಗಿಲುಗಳಿಗೆ ಅದು ಕೆನ್ನೆ ಉಜ್ಜುವುದು ಈ ಗುರುತಿಗಾಗಿಯೇ. ಆ ವಾಸನೆ ತಪ್ಪಿದರೆ ಅದು ಗಾಬರಿಗೊಳ್ಳುತ್ತದೆ. ಆಗ ಎದೆಬಡಿತ, ರಕ್ತದ ಸಕ್ಕರೆ ಏರುವುದರಿಂದ ವೈದ್ಯರಿಗೂ ರೋಗ ಗುರುತಿಸುವುದು ಕಠಿಣವಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ತರಕಾರಿ ಸಾಗಿಸುವ, ರಂಧ್ರಗಳುಳ್ಳ ಎರಡು ಪ್ಲಾಸ್ಟಿಕ್ ಕ್ರೇಟುಗಳನ್ನು ಬಾಯಿಗೆ ಬಾಯಿ ಕೂಡಿಸಿ ಹಗ್ಗದಿಂದ ಬಿಗಿದರೆ ಒಳ್ಳೆಯ ಪೆಟ್ಟಿಗೆಯಾಗುತ್ತದೆ. ಆಸ್ಪತ್ರೆಯಲ್ಲಿ ಮೇಲಿನದನ್ನಷ್ಟೇ ತೆಗೆದು, ಬೆಕ್ಕು ಕೆಳಗಿನದರಲ್ಲಿ ಕುಳಿತಿರುವಂತೆಯೇ ತೋರಿಸಬಹುದು.

2. ಒಂದೆರಡು ವಾರ ಮೊದಲೇ ಕೆಳಗಿನ ಕ್ರೇಟನ್ನು ಮನೆಯಲ್ಲಿಟ್ಟು, ಬೆಕ್ಕು ಮಲಗುವ ಹಳೆಯ ಬಟ್ಟೆ ಹಾಸಿ, ಅದರಲ್ಲೇ ಆಹಾರ ಕೊಡಿರಿ.

3. ಹೊರಡುವ ಮೂರು-ನಾಲ್ಕು ತಾಸು ಮೊದಲು ಆಹಾರ ನಿಲ್ಲಿಸಿರಿ, ನೀರು ಕೊಡಬಹುದು. ಎಳೆಯ ಮರಿಯಿದ್ದರೆ ವೈದ್ಯರನ್ನು ಕೇಳಿರಿ.

4. ಬೆಳಗಿನ ತಂಪಿನಲ್ಲಿ ಹೊರಡಿರಿ. ಗಾಳಿಯಾಡುವ ತೆಳು ಬಟ್ಟೆಯನ್ನು ಪೆಟ್ಟಿಗೆಗೆ ಹೊದಿಸಿರಿ. ಬಸ್ಸು, ಟಂಟಂನಲ್ಲಿ ಅದು ಅಲುಗದಂತೆ ಹಿಡಿಯಿರಿ. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಕೂಡಲೇ ನೆರಳಿಗೆ ಒಯ್ದು, ವೈದ್ಯರಿಗೆ ತಿಳಿಸಿರಿ.

5. ಆಸ್ಪತ್ರೆಯಲ್ಲಿ ಪೆಟ್ಟಿಗೆಯನ್ನು ನಾಯಿಗಳಿಂದ ದೂರ, ನೆಲದ ಬದಲು ಕಟ್ಟೆಯ ಮೇಲಿಡಿರಿ. ಹೆಡಕು ಹಿಡಿದು ಬೆಕ್ಕನ್ನು ಎತ್ತಬಾರದು.

6. ಮನುಷ್ಯರ ಗುಳಿಗೆಗಳನ್ನು ಕೊಡಲೇಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಬಹಳ ಅಂಜುವ ಬೆಕ್ಕಾದರೆ ಮುಂಚಿತವಾಗಿ ವೈದ್ಯರಿಂದಲೇ ತಕ್ಕ ಔಷಧ ಪಡೆಯಿರಿ.

7. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಮರಳಿ ತಂದದ್ದನ್ನು ಕೆಲವು ತಾಸು ಪ್ರತ್ಯೇಕವಾಗಿಡಿರಿ. ಆಸ್ಪತ್ರೆಯ ವಾಸನೆಗೆ ಉಳಿದವು ಜಗಳ ತೆಗೆಯುವುದುಂಟು.

ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು.

ಮೊದಲ ಸಲ ಅಂಜದೆ ಹೋಗಿಬಂದ ಬೆಕ್ಕನ್ನು ಮರುವರ್ಷ ಒಯ್ಯುವುದು ಸುಲಭ. ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸಿ, ಕಾಳು ಕಾಯುವ ಬೆಕ್ಕಿನೊಂದಿಗೆ ಮನೆಯ ಮಕ್ಕಳನ್ನೂ ರೇಬೀಸಿನಿಂದ ಕಾಪಾಡಿಕೊಳ್ಳಬೇಕು.