ಕೈಬಿಟ್ಟ ದಶಮಾಂಶ, ಮುಂದೋಡುವ ಗಡಿಯಾರ

ತೊರಪಲ್ಲಿ ಅಗ್ರಹಾರಕ್ಕೆ ಸಮೀಪದ ಹೊಸೂರಿನಲ್ಲಿ ಟೈಟಾನ್ ಕೈಗಡಿಯಾರದ ಕಾರ್ಖಾನೆಯಿರುವುದನ್ನು ನಾವೆಲ್ಲರೂ ಬಲ್ಲೆವು. ಸಾಮಾನ್ಯ ಕ್ವಾರ್ಟ್ಸ್ ಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ.

ಯಂತ್ರಗಳನ್ನು ಕಂಪ್ಯೂಟರಿನೊಳಗೆ ಅನುಕರಿಸುವ ಕ್ಯೂಎಮು ಎಂಬ ತಂತ್ರಾಂಶದಲ್ಲಿ ಹರಳಿಲ್ಲ; ಒಂದು ಕಂಪನದ ಅವಧಿಯನ್ನು ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ಈ ಹರಳಿಗೆ ಅದು 30,517.578125 ನ್ಯಾನೊಸೆಕೆಂಡ್. ದಶಮಾಂಶವನ್ನು ಕೈಬಿಟ್ಟು 30,517 ಎಂದು ಬರೆದರೆ, ಅನುಕರಣೆಯ ಗಡಿಯಾರವು ದಿನಕ್ಕೆ ಸುಮಾರು 1.6 ಸೆಕೆಂಡ್, ತಿಂಗಳಿಗೆ ಸುಮಾರು 49 ಸೆಕೆಂಡ್ ಮುಂದೋಡುತ್ತದೆ. ಆದುದರಿಂದಲೇ ಕ್ಯೂಎಮು ನ್ಯಾನೊಸೆಕೆಂಡನ್ನೂ ಎರಡರ 32ನೆಯ ಘಾತದಷ್ಟು ಭಾಗಗಳಾಗಿ ವಿಂಗಡಿಸಿ ಎಣಿಸುತ್ತದೆ.

ಒಬ್ಬರು ಬರೆದ ಕೋಡನ್ನು ಮತ್ತೊಬ್ಬರು ಪರಿಶೀಲಿಸುವಾಗ ಹುಡುಕಬೇಕಾದುದು ಇಂತಹ ತಪ್ಪುಗಳನ್ನೇ. ನಿಂತ ಗಡಿಯಾರದ ಅವಧಿಯನ್ನು ಅಲ್ಲಿ ಸೊನ್ನೆಯೆಂದು ಬರೆಯುವುದರಿಂದ, ಸೊನ್ನೆಯಿಂದ ಭಾಗಿಸುವ ಪ್ರಮಾದವನ್ನೂ ತಡೆಯಬೇಕು.

ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುವ ದಶಮಾಂಶ, ಘಾತ, ಭಾಗಾಕಾರಗಳೇ ಈ ಪರಿಶೀಲನೆಗೆ ಅಡಿಪಾಯ.