ಟೊಯೋಟಾ ದೇಶಿಯೋ, ವಿದೇಶಿಯೋ?

ಟೊಯೋಟಾ ನಮ್ಮ ಬಿಡದಿಯಲ್ಲೇ ತಯಾರಾಗುತ್ತೆ. ಆದರೂ ಅದೇ ಕಂಪನಿಯ ವೆಲ್‌ಫೈರ್ ಬೆಲೆ ಕೋಟಿ ದಾಟುವುದೇಕೆ?
– ಓದುಗರು, ಕೂಟಗಲ್

ಸುಂಕದವರು ನೋಡುವುದು ಕಾರಿನ ಹೆಸರನ್ನಲ್ಲ, ಹುಟ್ಟಿದ ಊರನ್ನು. 1999ರ ಕೊನೆಗೆ ಕ್ವಾಲಿಸ್‌ನಿಂದ ಶುರುವಾದ ಬಿಡದಿ ಕಾರ್ಖಾನೆಯಲ್ಲೇ ಇನ್ನೋವಾಕ್ಕೆ ಬೆಸುಗೆ, ಬಣ್ಣ, ಜೋಡಣೆ ಎಲ್ಲ ಆಗುತ್ತೆ. ಆಮದು ಸುಂಕ ಹೊರಗಿನಿಂದ ತರಿಸಿದ ಬಿಡಿಭಾಗಕ್ಕಷ್ಟೇ. ವೆಲ್‌ಫೈರ್ ಜಪಾನಿನಿಂದ ಇಡಿಯಾಗಿ ಹಡಗಿನಲ್ಲಿ ಬರುತ್ತೆ. ಬಂದರಿನಲ್ಲಿ ಶೇ. 70ಕ್ಕೂ ಮೇಲೆ ಸುಂಕ, ಅದೂ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ, ಆಮೇಲೆ ರಸ್ತೆ ತೆರಿಗೆ. ತೆರಿಗೆಗೂ ತೆರಿಗೆ!

ರೇಷ್ಮೆಯ ಕಥೆಯೂ ಇದೇ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿದಾಗ ರಾಮನಗರ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿದದ್ದು ನಿಮ್ಮೂರಿನವರಿಗೆ ನೆನಪಿರಬೇಕು. ಸುಂಕ ಒಂದು ಬೇಲಿ: ಎತ್ತರವಿದ್ದರೆ ಹೊರಗಿನ ಮಾಲು ದುಬಾರಿ, ತಗ್ಗಿದರೆ ಇಲ್ಲಿನ ಮಾಲಿಗೆ ಪೆಟ್ಟು.

ಶೋರೂಮಿಗೆ ಹೋದರೆ ಬ್ರ್ಯಾಂಡ್ ಬಿಡಿ, ಗಾಡಿ ಎಲ್ಲಿ ಜೋಡಣೆಯಾಯಿತು ಅಂತ ಕೇಳಿ.